ಕ್ವಾಲಿಫೈಯರ್ ನೋಡುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ

ಭಾರತದ ಫುಟ್‌ಬಾಲ್ ಪಂದ್ಯ ಇದ್ದ ದಿನ ಮಗ ಟೀವಿ ಮುಂದೆ ಕೂರುತ್ತಾನೆ. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುತ್ತೇನೆ. ಕೆಂಪು ರಟ್ಟಿನ, ಉದ್ದನೆಯ ಲೆಕ್ಕದ ಪುಸ್ತಕ. ಮೂವತ್ತು ವರ್ಷ ಬೇರೆಯವರ ಜಮಾ-ಖರ್ಚು ಬರೆದವಳು ನಾನು. ಆಫ್‌ಸೈಡ್ ಅಂದರೆ ಏನು ಅಂತ ಇವತ್ತಿಗೂ ಧೈರ್ಯವಾಗಿ ಹೇಳಲಾರೆ. ಆದರೆ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಇನ್ನೂ ಉಳಿದಿದೆಯಾ, ಏನಾದರೆ ಉಳಿಯುತ್ತದೆ ಅಂತ ಕೇಳಿ. ಅರ್ಧ ನಿಮಿಷದಲ್ಲಿ ಹೇಳುತ್ತೇನೆ.

ಮಗನ ಸ್ನೇಹಿತರು ಮಧ್ಯರಾತ್ರಿ ಫೋನ್ ಮಾಡಿ, ‘ಆಂಟಿ, ಈಗ ನಮಗೆ ಏನಾಗಬೇಕು?’ ಅಂತ ಕೇಳುತ್ತಾರೆ. ಪ್ರತಿ ಸಲ ಹೇಳೋದಕ್ಕಿಂತ ಒಂದು ಸಲ ಬರೆದಿಡೋಣ ಅಂತ ಕೂತಿದ್ದೇನೆ. ಕೂಡೋದು, ಕಳೆಯೋದು ಬಂದರೆ ಸಾಕು.

ಮೊದಲು ಬಾಗಿಲು ಎಣಿಸಿ

ಗುಂಪುಗಳು ಪ್ರಕಟವಾದ ತಕ್ಷಣ ಎಲ್ಲರೂ ಎದುರಾಳಿ ಯಾರು ಅಂತ ನೋಡುತ್ತಾರೆ. ನಾನು ಮೊದಲು ನೋಡೋದು ಆ ಗುಂಪಿನಿಂದ ಎಷ್ಟು ತಂಡ ಒಳಗೆ ಹೋಗುತ್ತವೆ ಅನ್ನೋದನ್ನ. ಇದು ಸಲಕ್ಕೊಂದು ಥರ ಇರುತ್ತದೆ. ಸುತ್ತಿನ ಹೆಸರು ಮಾತ್ರ ಹಳೆಯದೇ. ಅದಕ್ಕೇ ಜನ ಮೋಸ ಹೋಗುತ್ತಾರೆ.

ಏಷ್ಯನ್ ಕಪ್ ಮುಖ್ಯ ಟೂರ್ನಿಯಲ್ಲಿ 2019ರಿಂದ 24 ತಂಡಗಳು ಆಡುತ್ತಿವೆ. ಅದಕ್ಕೆ ಮುಂಚೆ 16 ಇದ್ದವು. 2019, 2023, 2027 ಮೂರಕ್ಕೂ ಅರ್ಹತೆಯ ಮೂರನೇ ಸುತ್ತಿನ ರೂಪ ಒಂದೇ: 24 ತಂಡ, ನಾಲ್ಕು ನಾಲ್ಕರ ಆರು ಗುಂಪು. ಆದರೆ 2019ಕ್ಕೆ ಪ್ರತಿ ಗುಂಪಿನಿಂದ ಇಬ್ಬರು, ಒಟ್ಟು 12 ತಂಡ ಒಳಗೆ ಹೋದವು. 2023ಕ್ಕೆ ಆರು ಗುಂಪಿನ ಮೊದಲಿಗರು, ಜೊತೆಗೆ ಎರಡನೇ ಸ್ಥಾನದವರಲ್ಲಿ ಚೆನ್ನಾಗಿ ಆಡಿದ ಐವರು, ಒಟ್ಟು 11. 2027ಕ್ಕೆ ಗುಂಪಿಗೆ ಒಬ್ಬರೇ. ಬರೀ ಆರು! 2026ರ ವಿಶ್ವಕಪ್‌ಗೆ 48 ತಂಡ ಅಂತ ಮಾಡಿದ ಮೇಲೆ ಏಷ್ಯಾದ ಎರಡನೇ ಸುತ್ತಿನಿಂದ ಮುಂದೆ ಹೋಗುವ ತಂಡಗಳು ಹೆಚ್ಚಾದವು. ಒಂಬತ್ತು ಗುಂಪಿನಿಂದ ಇಬ್ಬಿಬ್ಬರಂತೆ 18 ತಂಡ ಆ ಸುತ್ತಿನಲ್ಲೇ ಏಷ್ಯನ್ ಕಪ್‌ಗೂ ಸೀಟು ಹಿಡಿದುಬಿಟ್ಟವು. ಉಳಿದದ್ದು ಆರು ಸೀಟು. ಅಂದರೆ ಒಂದು ಸಲ ಎರಡನೇ ಸ್ಥಾನಕ್ಕೂ ಸಿಹಿ ಹಂಚಬಹುದು. ಇನ್ನೊಂದು ಸಲ ಎರಡನೆಯವರೂ ಒಂದೇ, ನಾಲ್ಕನೆಯವರೂ ಒಂದೇ.

2024ರ ಡಿಸೆಂಬರ್‌ನಲ್ಲಿ ಕ್ವಾಲಾಲಂಪುರದಲ್ಲಿ 2027ರ ಮೂರನೇ ಸುತ್ತಿನ ಗುಂಪು ಮಾಡೋಕೆ ಚೀಟಿ ಎತ್ತಿದಾಗ ಭಾರತ ಮೊದಲ ಮಡಕೆಯಲ್ಲಿತ್ತು. ಮಡಕೆ ಅಂದರೆ ರ‍್ಯಾಂಕಿಂಗ್ ನೋಡಿ ತಂಡಗಳನ್ನು ವಿಂಗಡಿಸಿ ಇಡುವ ಪಾಟ್. ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರ ಜೊತೆಗೆ ಬಂದವು. ಸುಲಭದ ಗುಂಪು ಅಂದರು ಎಲ್ಲರೂ. ನಾನು ಪುಸ್ತಕದಲ್ಲಿ ‘ಬಾಗಿಲು 1’ ಅಂತ ಬರೆದು ಕೆಳಗೆ ಗೆರೆ ಎಳೆದೆ. ಮಗನಿಗೆ ಸಿಟ್ಟು ಬಂತು.

ಆಮೇಲೆ ಸಮ ಆದರೆ ಏನು ಅಂತ ಓದಿಕೊಳ್ಳಿ

ಇದನ್ನು ನಾನು ಮರ್ಯಾದೆ ಕಳೆದುಕೊಂಡು ಕಲಿತೆ.

2017ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮಕಾವ್ ತಂಡವನ್ನು 4-1ರಿಂದ ಸೋಲಿಸಿ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಮಗ ಆಗ ಪಿಯುಸಿ. ಜೊತೆಗೆ ಯಾರೂ ಸಿಗದೆ ನನ್ನನ್ನು ಎಳೆದುಕೊಂಡು ಹೋಗಿದ್ದ. ಅರ್ಧ ಆಟಕ್ಕೆ 1-1 ಇತ್ತು. ಆಮೇಲೆ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನನ್ನು ತಬ್ಬಿಕೊಂಡಳು. ನನಗೆ ಫುಟ್‌ಬಾಲ್ ಹಿಡಿದದ್ದು ಅವತ್ತು.

ಆ ಗುಂಪಿನ ಕೊನೆಯ ಪಂದ್ಯ 2018ರ ಮಾರ್ಚ್‌ನಲ್ಲಿ, ಬಿಷ್ಕೆಕ್‌ನಲ್ಲಿ. ಕಿರ್ಗಿಸ್ತಾನ 2-1ರಿಂದ ಗೆದ್ದಿತು. ಗೆದ್ದರೆ ಮೂರು, ಡ್ರಾ ಆದರೆ ಒಂದು ಅಂತ ಕೂಡಿದರೆ ಇಬ್ಬರಿಗೂ 13 ಅಂಕ. ಗೋಲು ವ್ಯತ್ಯಾಸ, ಅಂದರೆ ಹೊಡೆದದ್ದರಲ್ಲಿ ತಿಂದದ್ದು ಕಳೆದರೆ ಉಳಿಯೋದು, ಇಬ್ಬರದೂ +6. ಒಟ್ಟು ಗೋಲು ಅವರದು 14, ನಮ್ಮದು 11. ನಾನು ದೊಡ್ಡ ಪಂಡಿತೆಯ ಹಾಗೆ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ಕಿರ್ಗಿಸ್ತಾನ ಮೊದಲು, ಭಾರತ ಎರಡನೆಯದು. ಹತ್ತು ನಿಮಿಷದಲ್ಲಿ ಮಗ ಬಂದ. ‘ಅಮ್ಮ, ಡಿಲೀಟ್ ಮಾಡು.’

ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಆ ಸುತ್ತಿನ ನಿಯಮದಲ್ಲಿ, ಅಂಕ ಸಮ ಆದರೆ ಮೊದಲು ನೋಡೋದು ಆ ಇಬ್ಬರ ಮುಖಾಮುಖಿ ಪಂದ್ಯ ಮಾತ್ರ. ಅಲ್ಲಿ ನಾವು ಬೆಂಗಳೂರಿನಲ್ಲಿ 1-0, ಅವರು ಬಿಷ್ಕೆಕ್‌ನಲ್ಲಿ 2-1. ಅಂಕ 3-3, ಸಮ. ಗೋಲು 2-2, ಸಮ. ಮುಂದಿನ ಸಾಲು, ಎದುರಾಳಿಯ ನೆಲದಲ್ಲಿ ಹೊಡೆದ ಗೋಲು. ನಾವು ಅಲ್ಲಿ ಒಂದು ಹೊಡೆದಿದ್ದೆವು. ಅವರು ಇಲ್ಲಿ ಸೊನ್ನೆ. ಪಂದ್ಯ ಮುಗಿಯುವ ಹೊತ್ತಿಗೆ ಜೇಜೆ ಲಾಲ್‌ಪೆಖ್ಲುವಾ ಹೊಡೆದ ಆ ಗೋಲಿಗೆ ಟೀವಿ ಮುಂದೆ ನಾನು ಚಪ್ಪಾಳೆ ಕೂಡ ತಟ್ಟಿರಲಿಲ್ಲ. ಸೋತ ಪಂದ್ಯದ ಗೋಲು, ಏನು ಮಹಾ ಅಂತ. ಅದೇ ಗೋಲಿನಿಂದ ಭಾರತ ಗುಂಪಿನಲ್ಲಿ ಮೊದಲ ಸ್ಥಾನ ಉಳಿಸಿಕೊಂಡಿತು.

ಎರಡೂ ತಂಡ ಹೇಗೂ ಒಳಗೆ ಹೋಗಿದ್ದವು, ಹಾಗಾಗಿ ಪ್ರಪಂಚ ಮುಳುಗಲಿಲ್ಲ. ಆದರೆ ಅವತ್ತಿನಿಂದ ಪುಟದ ಮೇಲ್ತುದಿಯಲ್ಲಿ ಒಂದು ಪದ ಬರೆಯುತ್ತೇನೆ. ‘ಮುಖಾಮುಖಿ’ ಅಥವಾ ‘ಒಟ್ಟು’. ಮುಖಾಮುಖಿ ಅಂದರೆ ಸಮ ಆದವರ ನಡುವಿನ ಪಂದ್ಯ ಮೊದಲು ಲೆಕ್ಕಕ್ಕೆ. ಒಟ್ಟು ಅಂದರೆ ಎಲ್ಲ ಪಂದ್ಯದ ಗೋಲು ವ್ಯತ್ಯಾಸ ಮೊದಲು. ಏಷ್ಯನ್ ಕಪ್‌ಗೆ ಮಾತ್ರ ಇರುವ ಮೂರನೇ ಸುತ್ತು ಮುಖಾಮುಖಿ. ವಿಶ್ವಕಪ್ ಜೊತೆ ಸೇರಿಕೊಂಡ ಎರಡನೇ ಸುತ್ತು ಒಟ್ಟು. ಎದುರಾಳಿಯ ನೆಲದ ಗೋಲಿನ ಸಾಲು ಪ್ರತಿ ಸಲ ಇರುತ್ತದೆ ಅಂತಲ್ಲ, ಆಯಾ ಟೂರ್ನಿಯ ನಿಯಮ ತೆಗೆದು ನೋಡಿ. ಪಟ್ಟಿಯ ಕೊನೆಕೊನೆಗೆ ಹಳದಿ-ಕೆಂಪು ಕಾರ್ಡ್ ಲೆಕ್ಕ, ಅದೂ ಸಮ ಆದರೆ ಚೀಟಿ ಎತ್ತುವುದು. ಅಲ್ಲಿವರೆಗೆ ಹೋಗೋದು ತೀರಾ ಅಪರೂಪ, ತಲೆ ಕೆಡಿಸಿಕೊಳ್ಳಬೇಡಿ.

ಉಳಿದ ಪಂದ್ಯಗಳ ಪಟ್ಟಿ ಪಕ್ಕಕ್ಕೆ ಬರೆಯಿರಿ

ಅಂಕಪಟ್ಟಿ ಹೇಳೋದು ಆಗಿಹೋದದ್ದನ್ನ. ನಿಮಗೆ ಬೇಕಾದ್ದು ಇನ್ನೂ ಆಗಬೇಕಾದ್ದು. ಅದಕ್ಕೆ ಪುಟದ ಎಡಕ್ಕೆ ಅಂಕಪಟ್ಟಿ, ಬಲಕ್ಕೆ ಉಳಿದ ಪಂದ್ಯಗಳು. ಪಂದ್ಯ ಮುಗಿದ ಹಾಗೆ ಬಲಗಡೆ ಒಂದೊಂದೇ ಹೊಡೆದುಹಾಕಿ.

ಪ್ರತಿ ತಂಡದ ಎದುರು ಅದು ಮುಟ್ಟಬಹುದಾದ ಗರಿಷ್ಠ ಅಂಕ ಬರೆಯಿರಿ. ಈಗಿನ ಅಂಕಕ್ಕೆ, ಉಳಿದ ಪಂದ್ಯ ಮೂರರಿಂದ ಗುಣಿಸಿ ಕೂಡಿದರೆ ಆಯಿತು. ಇಷ್ಟು ಎಲ್ಲರೂ ಮಾಡುತ್ತಾರೆ. ಎಲ್ಲರೂ ಮರೆಯೋದು ಏನಂದರೆ, ಮೇಲಿರುವ ಎರಡು ತಂಡಗಳು ತಮ್ಮತಮ್ಮಲ್ಲೇ ಆಡೋದು ಬಾಕಿ ಇರಬಹುದು.

2025ರ ಅಕ್ಟೋಬರ್ 14. ಮಡಗಾಂವ್‌ನಲ್ಲಿ ಸಿಂಗಪುರ ನಮ್ಮನ್ನು 2-1ರಿಂದ ಸೋಲಿಸಿತು. ನಾಲ್ಕು ಪಂದ್ಯ ಮುಗಿದಿತ್ತು. ಸಿಂಗಪುರ 8, ಹಾಂಗ್‌ಕಾಂಗ್ 8, ಬಾಂಗ್ಲಾದೇಶ 2, ಭಾರತ 2. ಉಳಿದ ಎರಡು ಗೆದ್ದರೆ ನಮಗೂ 8. ಮಗನ ಸ್ನೇಹಿತ ಫೋನ್ ಮಾಡಿದ. ‘ಆಂಟಿ, ಅವರಿಬ್ಬರೂ ಎಲ್ಲ ಸೋತರೆ ಚಾನ್ಸ್ ಇದೆ ಅಲ್ವಾ?’ ಇಲ್ಲಪ್ಪ. ಬಲಗಡೆ ಪಟ್ಟಿ ನೋಡು. ನವೆಂಬರ್ 18ಕ್ಕೆ ಹಾಂಗ್‌ಕಾಂಗ್ ಮತ್ತು ಸಿಂಗಪುರ ಎದುರಾಬದುರಾ. ಒಬ್ಬರು ಗೆದ್ದರೆ 11, ಡ್ರಾ ಆದರೆ ಇಬ್ಬರಿಗೂ 9. ಇಬ್ಬರೂ ಒಟ್ಟಿಗೆ ಸೋಲೋಕೆ ಆಗೋದೇ ಇಲ್ಲ. ಬಾಗಿಲು ಒಂದೇ. ನಮ್ಮ ಕಥೆ ಅವತ್ತಿಗೇ ಮುಗಿದಿತ್ತು, ಎರಡು ಪಂದ್ಯ ಬಾಕಿ ಇರುವಾಗಲೇ.

ನವೆಂಬರ್ 18ರ ಫಲಿತಾಂಶವೂ ಪಾಠಕ್ಕೆ ಚೆನ್ನಾಗಿದೆ. ಸಿಂಗಪುರ 2-1ರಿಂದ ಗೆದ್ದು 11 ಅಂಕಕ್ಕೆ ಹೋಯಿತು. ಹಾಂಗ್‌ಕಾಂಗ್ 8ರಲ್ಲೇ ನಿಂತಿತು. ಇನ್ನೊಂದೊಂದು ಪಂದ್ಯ ಬಾಕಿ. ಹಾಂಗ್‌ಕಾಂಗ್ ಗೆದ್ದು ಸಿಂಗಪುರ ಸೋತರೆ ಇಬ್ಬರಿಗೂ 11. ಆದರೂ ಸಿಂಗಪುರದವರು ಅವತ್ತು ರಾತ್ರಿಯೇ ಕುಣಿದರು. ಯಾಕೆ? ನಮ್ಮ ಪುಟದ ಮೇಲೆ ಬರೆದ ಪದ ನೋಡಿ: ಮುಖಾಮುಖಿ. ಅವರಿಬ್ಬರ ಮೊದಲ ಪಂದ್ಯ 0-0, ಎರಡನೆಯದು 2-1. ಸಮ ಆದರೂ ಸಿಂಗಪುರವೇ ಮೇಲೆ. 1984ರಲ್ಲಿ ಆತಿಥೇಯರಾಗಿ ಆಡಿದ್ದವರು ಈ ಸಲ ಮೊದಲ ಬಾರಿಗೆ ಅರ್ಹತೆ ಗಳಿಸಿ ಹೊರಟರು. ಅವತ್ತೇ ಭಾರತ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 1-0ರಿಂದ ಸೋತಿತು. ಅದನ್ನೂ ಬರೆದುಕೊಂಡೆ, ಅಕ್ಷರ ಸ್ವಲ್ಪ ಸೊಟ್ಟಗಿದೆ.

ಟ್ಯಾಲಿ ಮಾಡಿ

ಇದು ನನ್ನ ವೃತ್ತಿಯ ಚಟ. ಆದರೆ ಉಪಯೋಗ ಇದೆ. ಗೋಲು ವ್ಯತ್ಯಾಸದ ಕಾಲಂ ಮೇಲಿಂದ ಕೆಳಗೆ ಕೂಡಿ, ಸೊನ್ನೆ ಬರಬೇಕು. ಒಬ್ಬರು ಹೊಡೆದ ಗೋಲು ಇನ್ನೊಬ್ಬರು ತಿಂದದ್ದೇ ತಾನೆ? ಅಂಕದ ಕಾಲಂ ಕೂಡಿದರೆ, ಮುಗಿದ ಪಂದ್ಯಗಳ ಮೂರರಷ್ಟು ಬಂದು, ಅದರಲ್ಲಿ ಡ್ರಾ ಆದ ಪಂದ್ಯಕ್ಕೆ ಒಂದೊಂದು ಕಡಿಮೆ ಇರಬೇಕು. ಬರಲಿಲ್ಲ ಅಂದರೆ ಎಲ್ಲೋ ತಪ್ಪು ಬರೆದಿದ್ದೀರಿ. ರಾತ್ರಿ ಹನ್ನೊಂದಕ್ಕೆ ಅರೆನಿದ್ದೆಯಲ್ಲಿ ಬರೆದ ಲೆಕ್ಕವನ್ನು ನಂಬಬಾರದು.

ಕೊನೆಯ ದಿನಕ್ಕೆ ಒಂಬತ್ತು ಮನೆ

ನಾಲ್ಕು ತಂಡದ ಗುಂಪಿನಲ್ಲಿ ಕೊನೆಯ ದಿನ ಎರಡೇ ಪಂದ್ಯ. ಒಂದೊಂದಕ್ಕೆ ಮೂರು ಫಲಿತಾಂಶ. ಮೂರು ಮೂರಲೆ ಒಂಬತ್ತು. ಚೌಕಾಬಾರ ಮನೆ ಬರೆಯುವ ಹಾಗೆ ಮೂರು ಅಡ್ಡ, ಮೂರು ಉದ್ದ ಬರೆಯಿರಿ. ಪ್ರತಿ ಮನೆಯಲ್ಲಿ ಯಾರು ಒಳಗೆ ಹೋಗುತ್ತಾರೋ ಆ ತಂಡದ ಮೊದಲ ಅಕ್ಷರ. ಇದನ್ನು ಪಂದ್ಯಕ್ಕೆ ಮುಂಚೆ, ಮನಸ್ಸು ಶಾಂತವಾಗಿರುವಾಗ ಮಾಡಿ ಮುಗಿಸಬೇಕು. ಆಟ ಶುರುವಾದ ಮೇಲೆ ಪೆನ್ಸಿಲ್ ತುದಿಯನ್ನು ಮನೆಯಿಂದ ಮನೆಗೆ ಸರಿಸೋದಷ್ಟೇ ಕೆಲಸ.

ನಾನು ಬರೆದ ಮನೆಗಳಲ್ಲಿ ಮರೆಯಲಾಗದ್ದು 2024ರ ಜೂನ್ 11ರದ್ದು. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತು, ಅದೇ ಏಷ್ಯನ್ ಕಪ್ ಅರ್ಹತೆಯೂ ಹೌದು. ಮೊದಲ ಎರಡು ಸ್ಥಾನಕ್ಕೆ ಎರಡೂ ಬಾಗಿಲು ತೆರೆಯುತ್ತಿತ್ತು. ಐದು ದಿನದ ಹಿಂದೆ ಕೋಲ್ಕತ್ತಾದಲ್ಲಿ ಕುವೈತ್ ಎದುರು 0-0 ಆಗಿತ್ತು. ಅದೇ ಛೆಟ್ರಿಯವರ ವಿದಾಯದ ಪಂದ್ಯ. ಈಗ ಅವರಿಲ್ಲದೆ ದೋಹಾದಲ್ಲಿ ಕತಾರ್ ಎದುರು ಆಡಬೇಕು. ಇನ್ನೊಂದು ಪಂದ್ಯ ಕುವೈತ್-ಅಫ್ಗಾನಿಸ್ತಾನ.

ಎಡಗಡೆ ಬರೆದುಕೊಂಡದ್ದು ಹೀಗಿತ್ತು. ಕತಾರ್ 13 ಅಂಕ, +14. ಭಾರತ 5, -3. ಅಫ್ಗಾನಿಸ್ತಾನ 5, -10. ಕುವೈತ್ 4, -1. ವ್ಯತ್ಯಾಸ ಕೂಡಿ ನೋಡಿ, ಸೊನ್ನೆ. ಹತ್ತು ಪಂದ್ಯ, ಮೂರು ಡ್ರಾ, 27 ಅಂಕ. ಟ್ಯಾಲಿ. ಮೇಲೆ ಬರೆದ ಪದ ‘ಒಟ್ಟು’.

ಕತಾರ್ ಮೊದಲ ಸ್ಥಾನ ಆಗಲೇ ಹಿಡಿದಾಗಿತ್ತು. ಉಳಿದದ್ದು ಒಂದು ಬಾಗಿಲು, ಮೂರು ತಂಡ.

ಮೇಲಿನ ಸಾಲು, ಭಾರತ ಗೆದ್ದರೆ. ನಮಗೆ 8. ಕುವೈತ್ ಗೆದ್ದರೂ ಅವರಿಗೆ 7. ಅಲ್ಲಿ ಡ್ರಾ ಆದರೆ ಅಫ್ಗಾನಿಸ್ತಾನಕ್ಕೆ 6. ಅಫ್ಗಾನಿಸ್ತಾನ ಗೆದ್ದರೆ ಅವರಿಗೂ 8, ಆದರೆ -10ರಿಂದ ಮೇಲೆದ್ದು ನಮ್ಮನ್ನು ಹಿಡಿಯಬೇಕಾದರೆ ಕಡಿಮೆ ಅಂದರೂ ಎಂಟು ಗೋಲಿನ ಅಂತರ ಬೇಕು. ಆಗದ ಮಾತು. ಮೂರೂ ಮನೆಗೆ ‘ಭಾ’.

ನಡುವಿನ ಸಾಲು, ಭಾರತ ಡ್ರಾ ಮಾಡಿದರೆ. ನಮಗೆ 6. ಕುವೈತ್ ಗೆದ್ದರೆ 7, ಮನೆ ಅವರದು. ಅಫ್ಗಾನಿಸ್ತಾನ ಗೆದ್ದರೆ 8, ಮನೆ ಅವರದು. ಅಲ್ಲೂ ಡ್ರಾ ಆದರೆ ನಮಗೂ ಅಫ್ಗಾನಿಸ್ತಾನಕ್ಕೂ 6. -3 ಎಲ್ಲಿ, -10 ಎಲ್ಲಿ. ನಡುಮನೆ ನಮ್ಮದು.

ಕೆಳಗಿನ ಸಾಲು, ಸೋತರೆ. ನಾವು 5ರಲ್ಲೇ. ಅಲ್ಲಿ ಯಾರು ಗೆದ್ದರೂ, ಡ್ರಾ ಆದರೂ, ಒಬ್ಬರು 5 ದಾಟಿಯೇ ದಾಟುತ್ತಾರೆ. ನಮಗೆ ಒಂದೂ ಮನೆ ಇಲ್ಲ.

ಒಂಬತ್ತರಲ್ಲಿ ನಾಲ್ಕು ನಮ್ಮದು, ಮೂರು ಅಫ್ಗಾನಿಸ್ತಾನದ್ದು, ಎರಡು ಕುವೈತ್‌ದು. ಈಗ ಸುಮ್ನೆ ಒಂದು ಆಟ ಆಡಿ ನೋಡಿ. ಪುಟದ ಮೇಲಿನ ಪದ ‘ಒಟ್ಟು’ ಬದಲು ‘ಮುಖಾಮುಖಿ’ ಆಗಿದ್ದಿದ್ದರೆ? ಅಫ್ಗಾನಿಸ್ತಾನದ ಜೊತೆ ನಾವು ಒಂದು 0-0, ಗುವಾಹಟಿಯಲ್ಲಿ 1-2ರ ಸೋಲು. ಸಮ ಆದಲ್ಲೆಲ್ಲ ಅವರೇ ಮೇಲೆ. ನಡುಮನೆ ಹೋಯಿತು, ಮೇಲಿನ ಸಾಲಿನಲ್ಲೂ ಒಂದು ಹೋಯಿತು. ನಾಲ್ಕು ಮನೆ ಎರಡಾಗುತ್ತಿತ್ತು. ಒಂದು ಪದಕ್ಕೆ ಎರಡು ಮನೆ!

ಆಟ ಶುರುವಾದ ಮೇಲೆ 37ನೇ ನಿಮಿಷಕ್ಕೆ ಲಾಲಿಯಂಜುವಾಲಾ ಛಾಂಗ್ಟೆ ಗೋಲು ಹೊಡೆದ. ಪೆನ್ಸಿಲ್ ಮೇಲಿನ ಸಾಲಿಗೆ ಹೋಯಿತು. ಆ ಕಡೆಯ ಪಂದ್ಯ ನೋಡುವ ಅಗತ್ಯವೇ ಇಲ್ಲ. ಎರಡನೇ ಅರ್ಧ ಪೂರ್ತಿ ಹಾಗೇ ಇರಲಿ ಅಂತ ಕೂತಿದ್ದೆವು. 73ನೇ ನಿಮಿಷಕ್ಕೆ ಕತಾರ್ ಸಮ ಮಾಡಿತು. ಚೆಂಡು ಗೆರೆ ದಾಟಿ ಆಚೆ ಹೋದದ್ದು, ಅದನ್ನು ಕಾಲಿನಿಂದ ಒಳಗೆಳೆದದ್ದು ಟೀವಿಯಲ್ಲಿ ನಮಗೇ ಕಾಣುತ್ತಿತ್ತು. ಆ ಸುತ್ತಿನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ, ಇರಲಿಲ್ಲ. ಗೋಲು ಅಂದರೆ ಗೋಲು. ಮಗ ಎದ್ದು ನಿಂತು ಕೂಗುತ್ತಿದ್ದ. ನಾನು ಪೆನ್ಸಿಲ್ ನಡುವಿನ ಸಾಲಿಗೆ ಇಳಿಸಿ, ‘ಕುವೈತ್ ಸ್ಕೋರ್ ನೋಡೋ’ ಅಂದೆ. ನಡುಮನೆಯೊಂದೇ ಉಳಿದಿತ್ತು. 85ನೇ ನಿಮಿಷಕ್ಕೆ ಕತಾರ್‌ನ ಎರಡನೇ ಗೋಲು. ಪೆನ್ಸಿಲ್ ಕೆಳಗಿನ ಸಾಲಿಗೆ. ಆ ಕಡೆ ಕುವೈತ್ 1-0ರಿಂದ ಗೆದ್ದು 7 ಅಂಕದೊಂದಿಗೆ ಒಳಗೆ ಹೋಯಿತು.

ಮನೆ ಬರೆದಿಟ್ಟರೆ ನೋವು ಕಡಿಮೆ ಆಗುತ್ತದೆ ಅಂತ ತಿಳಿಯಬೇಡಿ. ಜಾಸ್ತಿ ಆಗುತ್ತದೆ.

ಬೇರೆ ಗುಂಪಿನ ಮೇಲೂ ಕಣ್ಣಿಡಿ

ಎರಡನೇ ಸ್ಥಾನದವರಲ್ಲಿ ಉತ್ತಮರನ್ನು ಆರಿಸುವ ಪದ್ಧತಿ ಇದ್ದಾಗ ಮಾತ್ರ ಇದು ಬೇಕು. ಆಗ ಇನ್ನೊಂದು ಪುಟ ಮಾಡಿ, ಎಲ್ಲ ಗುಂಪಿನ ಎರಡನೆಯವರನ್ನು ಮಾತ್ರ ಒಂದರ ಕೆಳಗೊಂದು ಬರೆಯಿರಿ. ಎಲ್ಲ ಗುಂಪಿನಲ್ಲೂ ಅಷ್ಟೇ ತಂಡ ಇವೆಯಾ ಅಂತ ಮೊದಲು ನೋಡಿ. 2021ರಲ್ಲಿ, ಐದೈದು ತಂಡದ ಗುಂಪುಗಳಿದ್ದ ಎರಡನೇ ಸುತ್ತಿನಿಂದ ಉತ್ತರ ಕೊರಿಯಾ ಹಿಂದೆ ಸರಿದಾಗ ಒಂದು ಗುಂಪಿನಲ್ಲಿ ನಾಲ್ಕೇ ತಂಡ ಉಳಿದವು. ಉಳಿದ ಗುಂಪುಗಳಲ್ಲಿ ಐದನೇ ಸ್ಥಾನದ ತಂಡದ ಎದುರು ಗಳಿಸಿದ್ದನ್ನು ಬಿಟ್ಟು ಹೋಲಿಸಿದರು. ಚಿಕ್ಕ ತಂಡವನ್ನು ಆರು ಗೋಲಿನಿಂದ ಬಡಿದದ್ದು ಒಂದೇ ಏಟಿಗೆ ಲೆಕ್ಕದಿಂದ ಹೊರಗೆ.

2022ರ ಜೂನ್‌ನಲ್ಲಿ 2023ರ ಕಪ್ ಅರ್ಹತೆಯ ಮೂರನೇ ಸುತ್ತು, ಭಾರತದ ಗುಂಪಿನ ಪಂದ್ಯಗಳೆಲ್ಲ ಕೋಲ್ಕತ್ತಾದಲ್ಲೇ ನಡೆದವು. ಕೋವಿಡ್ ಕಾರಣಕ್ಕೆ ಗುಂಪಿಗೊಂದು ಊರು, ಒಬ್ಬರ ಮೇಲೆ ಒಂದೇ ಪಂದ್ಯ. ಎರಡು ಪಂದ್ಯ ಮುಗಿದಾಗ ನಮಗೂ ಹಾಂಗ್‌ಕಾಂಗ್‌ಗೂ 6 ಅಂಕ. ಜೂನ್ 14ಕ್ಕೆ ಅವರ ಜೊತೆಗೇ ಕೊನೆಯ ಪಂದ್ಯ. ಅವತ್ತೇ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಪ್ಯಾಲೆಸ್ತೀನ್-ಫಿಲಿಪ್ಪೀನ್ಸ್. ಎರಡನೆಯವರ ಪುಟ ತೆಗೆದು ನೋಡಿದೆ. ಆರರಲ್ಲಿ ಐದು ಒಳಗೆ. ಅಂದರೆ ನಮಗಿಂತ ಕೆಳಗೆ ಒಬ್ಬರಿದ್ದರೆ ಸಾಕು. ಫಿಲಿಪ್ಪೀನ್ಸ್ ಸೋತರೆ ಅವರು 4 ಅಂಕದಲ್ಲೇ ಎರಡನೆಯವರಾಗಿ ನಿಲ್ಲುತ್ತಾರೆ. ನಾವು ಸೋತರೂ ನಮ್ಮದು 6.

ಮಗ ಕೆಲಸದಿಂದ ಬಂದು ಬ್ಯಾಗು ಇಳಿಸುವಷ್ಟರಲ್ಲಿ ಹೇಳಿದೆ. ಪ್ಯಾಲೆಸ್ತೀನ್ 4-0. ನಾವು ಒಳಗೆ. ‘ಇನ್ನೂ ಮ್ಯಾಚೇ ಶುರುವಾಗಿಲ್ವಲ್ಲಮ್ಮ!’ ಪುಸ್ತಕ ಕಿತ್ತುಕೊಂಡು ಎರಡು ಸಲ ಲೆಕ್ಕ ಹಾಕಿ ನೋಡಿದ. ಆಮೇಲೆ ಅದನ್ನು ಫ್ರಿಜ್ ಮೇಲೆ ಇಟ್ಟು, ಇವತ್ತಾದರೂ ಆಟ ನೋಡು ಅಂತ ಪಕ್ಕದಲ್ಲಿ ಕೂರಿಸಿಕೊಂಡ. ಎರಡನೇ ನಿಮಿಷಕ್ಕೇ ಅನ್ವರ್ ಅಲಿ ಗೋಲು ಹೊಡೆದ. ಭಾರತ 4-0ರಿಂದ ಗೆದ್ದಿತು. ಆ ಪುಟದಲ್ಲಿ ಕೊನೆಯ ಪಂದ್ಯದ ಸಾಲು ಇನ್ನೂ ಖಾಲಿ ಇದೆ.